ಅಂಡಮಾನ್ ಪ್ರವಾಸ: ಹವಳ ತುಳಿಯದೆ, ಜಾರವಾ ಕಾಡು ಹಾಯದೆ ಹೋಗಿ ಬಂದ ನಮ್ಮ ಒಂಬತ್ತು ದಿನ

ಜೋಗಿಮಟ್ಟಿ ನಡಿಗೆ, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ನಾವು ಮನೆಯವರು ಐದು ಜನ ಅಂಡಮಾನ್‌ಗೆ ಹೋಗಿ ಬಂದೆವು. ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಅಪ್ಪ. ನಮ್ಮ ಕಡೆಯ ಸುಮಾರು ಜನ ಬೇಸಿಗೆ ರಜೆಗೆ ಅಲ್ಲಿಗೆ ಹೊರಟಿದ್ದಾರೆ ಅಂತ ಕೇಳಿದೆ. ಹೋಟೆಲು, ಪ್ಯಾಕೇಜು, ರೇಟು ಎಲ್ಲ ಕಡೆ ಸಿಗುತ್ತೆ. ನಾನು ಹೇಳಬೇಕು ಅಂದುಕೊಂಡಿದ್ದು ಬೇರೆ. ಆ ದ್ವೀಪಗಳಿಗೆ, ಅಲ್ಲಿನ ಕಾಡಿನಲ್ಲಿರುವ ಜಾರವಾ ಬುಡಕಟ್ಟಿನವರಿಗೆ ನಮ್ಮಿಂದ ಕೆಡುಕಾಗದ ಹಾಗೆ ತಿರುಗಾಡುವುದು ಹೇಗೆ ಅನ್ನೋದು.

ಮೊದಲು ನಮ್ಮ ಕಣ್ಣೆದುರು ನಡೆದ ಒಂದು ವಿಷಯ. ಒಂದು ಬೀಚಿನಲ್ಲಿ ಸ್ನಾರ್ಕ್ಲಿಂಗ್‌ಗೆ ಒಬ್ಬರನ್ನು ಗೊತ್ತು ಮಾಡಿದ್ದೆವು. ಕಣ್ಣಿಗೆ ಮಾಸ್ಕ್, ಬಾಯಿಗೆ ಕೊಳವೆ ಹಾಕಿಕೊಂಡು ತೇಲುತ್ತಾ ನೀರೊಳಗೆ ನೋಡುವುದು. ಆತ ನಮ್ಮನ್ನು ಸೊಂಟದುದ್ದ ನೀರಿಗೆ ಕರೆದುಕೊಂಡು ಹೋಗಿ, ಸುಸ್ತಾದರೆ ಇದರ ಮೇಲೆ ನಿಂತುಕೊಳ್ಳಿ ಅಂತ ಒಂದು ಬಂಡೆ ತೋರಿಸಿದ. ತಾನೂ ನಿಂತ. ಮಗಳು ತಲೆ ಮುಳುಗಿಸಿ ನೋಡಿ ಎದ್ದವಳೇ, "ಅಪ್ಪಾ, ಅದು ಕಲ್ಲಲ್ಲ" ಅಂದಳು. ನಾನೂ ನೋಡಿದೆ. ಬುಟ್ಟಿ ಕವುಚಿ ಹಾಕಿದ ಹಾಗೆ ದುಂಡಗಿತ್ತು. ಮೈತುಂಬ ಸಾಸಿವೆ ಗಾತ್ರದ ಬಾಯಿಗಳು. ಆತ ನಿಂತಿದ್ದ ಜಾಗ ಮಾತ್ರ ಸವೆದು ಬೆಳ್ಳಗಾಗಿತ್ತು.

ಅದು ಜೀವಂತ ಹವಳ. ಆ ಒಂದೊಂದು ಬಾಯಿಯೂ ಒಂದೊಂದು ಪುಟ್ಟ ಪ್ರಾಣಿ. ಎಲ್ಲ ಸೇರಿ ಸುಣ್ಣದ ಗೂಡು ಕಟ್ಟುತ್ತವೆ. ಈ ದುಂಡು ಜಾತಿ ವರ್ಷಕ್ಕೆ ಹೆಚ್ಚೆಂದರೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ. ಒಂದಡಿ ಎತ್ತರ ಅಂದರೆ ಸುಮಾರು 30 ವರ್ಷ. ನನ್ನ ಮದುವೆಗಿಂತ ಹಳೆಯದು! ಅದರ ಮೇಲೆ ದಿನಾ ಎಷ್ಟು ಕಾಲು ಬೀಳುತ್ತಿವೆಯೋ. ನಾವು ಅಲ್ಲಿಗೇ ನಿಲ್ಲಿಸಿ ವಾಪಸ್ ಬಂದೆವು. ದುಡ್ಡು ಹೋಯಿತು, ಪರವಾಗಿಲ್ಲ.

ಮಾರನೆಯ ದಿನ ಬೇರೆಯವರ ಜೊತೆ ಹೋದೆವು. ನೀರಿಗೆ ಇಳಿಯುವ ಮೊದಲೇ ಆ ಹುಡುಗ ಅರ್ಧ ಗಂಟೆ ದಡದಲ್ಲಿ ಕೂರಿಸಿ ತೇಲುವುದನ್ನು ಕಲಿಸಿದ. ಏನನ್ನೂ ಮುಟ್ಟಬಾರದು, ಕಾಲು ಕೆಳಗೆ ಬಿಡಬಾರದು, ಮೀನಿಗೆ ಬ್ರೆಡ್ಡು ಬಿಸ್ಕತ್ತು ಹಾಕಬಾರದು ಅಂದ. ಅವತ್ತು ನೋಡಿದ್ದನ್ನು ಮರೆಯುವ ಹಾಗೇ ಇಲ್ಲ. ದೈತ್ಯ ಕಪ್ಪೆಚಿಪ್ಪು ಅಂತ ಇದೆ. ಬಾಯಿಯ ಅಂಚಿಗೆ ನೀಲಿ ರೇಷ್ಮೆ ಮಡಿಸಿ ಇಟ್ಟ ಹಾಗೆ ಕಾಣುತ್ತೆ, ನಮ್ಮ ಮೊಳಕಾಲ್ಮೂರು ಸೀರೆಯ ಅಂಚಿನ ಹಾಗೆ. ನನ್ನ ನೆರಳು ಅದರ ಮೇಲೆ ಬಿತ್ತು. ತಕ್ಷಣ ಆ ರೇಷ್ಮೆ ಒಳಗೆ ಸೇದಿಕೊಂಡು ಚಿಪ್ಪು ಅರ್ಧ ಮುಚ್ಚಿತು. ಸ್ವಲ್ಪ ದೂರ ಸರಿದು ಕಾದೆ. ನಿಧಾನವಾಗಿ ಮತ್ತೆ ತೆರೆಯಿತು. ನೆರಳು ಬಿದ್ದರೇ ಗೊತ್ತಾಗುವ ಜೀವ ಅದು.

ಹಾಗಾಗಿ ನಾನು ಕೇಳಿಕೊಳ್ಳುವುದು ಇಷ್ಟೇ. ಬುಕ್ ಮಾಡುವ ಮೊದಲು ಅವರನ್ನು ಒಂದು ಪ್ರಶ್ನೆ ಕೇಳಿ: ದೋಣಿಯನ್ನು ಎಲ್ಲಿ ಕಟ್ಟುತ್ತೀರಿ? ದೋಣಿ ಕಟ್ಟಲೆಂದೇ ನೀರಿನಲ್ಲಿ ಬಿಟ್ಟಿರುವ ತೇಲುಬುರುಡೆಗೆ ಹಗ್ಗ ಕಟ್ಟುತ್ತೇವೆ ಅಂದರೆ ಒಳ್ಳೆಯದು. ಲಂಗರು ಬಿಡುತ್ತೇವೆ ಅಂದರೆ ಅದು ಮರಳಿನ ಮೇಲೆ ಬೀಳುತ್ತೋ ಹವಳದ ಮೇಲೆ ಬೀಳುತ್ತೋ ಅಂತ ಬಿಡಿಸಿ ಕೇಳಿ.

ನಿಟ್ಟುವಳ್ಳಿ ಅಕ್ಕ, ದಾವಣಗೆರೆ

ತುಂಬಾ ಒಳ್ಳೆ ವಿಷಯ ಎತ್ತಿದ್ದೀರಿ ಅಣ್ಣ. ನಾವು ಏಪ್ರಿಲ್‌ನಲ್ಲಿ ಹೊರಟಿದ್ದೇವೆ. ಅಮ್ಮನೂ ಬರುತ್ತಾರೆ. ಅವರಿಗೆ ಮಂಡಿ ನೋವು, ನೀರಿಗೆ ಇಳಿಯುವುದು ಕಷ್ಟ. ಅಂಥವರಿಗೆ ನೋಡಲು ಏನಿದೆ? ಇನ್ನೊಂದು, ಅಲ್ಲಿ ಪ್ಲಾಸ್ಟಿಕ್ ಬಿಡಲ್ಲ ಅಂತಾರೆ, ನಿಜವಾ? ಊಟ ಕಟ್ಟಿಕೊಂಡು ಹೋಗುವುದು ಹೇಗೆ?

ಜೋಗಿಮಟ್ಟಿ ನಡಿಗೆ, ಚಿತ್ರದುರ್ಗ

ಅಕ್ಕ, ಪ್ಲಾಸ್ಟಿಕ್ ವಿಷಯ ಮೊದಲು ಹೇಳುತ್ತೇನೆ. ವಂಡೂರ್ ಹತ್ತಿರ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ ಇದೆ. 1983ರಲ್ಲಿ ಆಗಿದ್ದು. 15 ದ್ವೀಪಗಳು ಸೇರಿವೆ. ಅದರಲ್ಲಿ ಜಾಲಿ ಬಾಯ್, ರೆಡ್ ಸ್ಕಿನ್ ಎರಡಕ್ಕೆ ಜನರನ್ನು ಬಿಡುತ್ತಾರೆ. ಅದೂ ಒಟ್ಟಿಗೆ ಅಲ್ಲ. ಕೆಲವು ತಿಂಗಳು ಒಂದು, ಮಳೆಗಾಲದ ತಿಂಗಳು ಇನ್ನೊಂದು. ಒಂದು ದ್ವೀಪಕ್ಕೆ ಜನ ಹೋಗುವಾಗ ಇನ್ನೊಂದಕ್ಕೆ ಬಿಡುವು ಸಿಗಲಿ ಅಂತ. ನಮ್ಮ ಕಡೆ ಹೊಲ ಬೀಳು ಬಿಡುತ್ತಿದ್ದರಲ್ಲ, ಹಾಗೆ. ಅರಣ್ಯ ಇಲಾಖೆಯ ಪರವಾನಗಿ ಬೇಕು. ಜೆಟ್ಟಿಯಲ್ಲೇ ಚೀಲ ತಪಾಸಣೆ ಮಾಡುತ್ತಾರೆ. ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪ್ಯಾಕೆಟ್ ಏನನ್ನೂ ಒಳಗೆ ಬಿಡಲ್ಲ. ರಾತ್ರಿ ಯಾರೂ ಉಳಿಯುವ ಹಾಗಿಲ್ಲ.

ಅಲ್ಲಿ ಅಮ್ಮನಿಗೂ ಅನುಕೂಲ ಇದೆ. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂತೇ ಹವಳ ನೋಡಬಹುದು. ನಮ್ಮಪ್ಪ ಹಾಗೇ ನೋಡಿದರು. ದೋಣಿ ಹತ್ತಿ ಇಳಿಯುವಾಗ ಮಾತ್ರ ಒಬ್ಬರು ಕೈ ಹಿಡಿದುಕೊಳ್ಳಬೇಕು.

ಊಟಕ್ಕೆ ನಮ್ಮ ಊರಿನ ಊಟವೇ ಸಾಕು! ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ. ರೊಟ್ಟಿಯನ್ನು ಹಳೆ ಪಂಚೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿದ್ದೆವು. ಒಂಬತ್ತನೇ ದಿನಕ್ಕೂ ಕೆಟ್ಟಿರಲಿಲ್ಲ. ಚಟ್ನಿಪುಡಿಗೆ ಇನ್ನೊಂದು ಸಣ್ಣ ಡಬ್ಬಿ. ತಲೆಗೊಂದು ಸ್ಟೀಲ್ ನೀರಿನ ಬಾಟಲಿ. ಮಂಡಕ್ಕಿ ಬಟ್ಟೆ ಚೀಲದಲ್ಲಿ. ಆದರೆ ಕಡಲ ಗಾಳಿಗೆ ಅದು ಎರಡೇ ದಿನಕ್ಕೆ ಮೆತ್ತಗಾಗುತ್ತೆ, ಮೊದಲು ಅದನ್ನು ಖಾಲಿ ಮಾಡಿ.

ಹರಿಹರದ ಹುಡುಗಿ

ನಾನು ಪ್ರಾಣಿಶಾಸ್ತ್ರ ಓದುತ್ತಿದ್ದೇನೆ, ಒಂದೆರಡು ಮಾತು ಸೇರಿಸಲಾ? ಹವಳದ ಬಣ್ಣ ಅದರದ್ದಷ್ಟೇ ಅಲ್ಲ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತೆ. ಪಾಚಿ ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೆ ಕೊಡುತ್ತೆ, ಹವಳ ಅದಕ್ಕೆ ಮನೆ ಕೊಡುತ್ತೆ. ಸಮುದ್ರದ ನೀರು ಮಾಮೂಲಿಗಿಂತ ಒಂದೆರಡು ಡಿಗ್ರಿ ಬಿಸಿಯಾಗಿ ವಾರಗಟ್ಟಲೆ ಹಾಗೇ ಇದ್ದರೆ ಈ ಜೋಡಿ ಮುರಿಯುತ್ತೆ. ಪಾಚಿ ಹೊರಗೆ ಹೋಗುತ್ತೆ, ಹವಳ ಬೆಳ್ಳಗಾಗುತ್ತೆ. ಬೇಗ ತಂಪಾದರೆ ಬದುಕಿಕೊಳ್ಳುತ್ತೆ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತೆ. ಅಂಡಮಾನ್‌ನಲ್ಲಿ 1998, 2010, 2016ರಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಆಗಿದೆ. ಈಗ ಚೇತರಿಸಿಕೊಳ್ಳುತ್ತಿರುವ ಹವಳದ ಮೇಲೆ ನಾವು ಕಾಲಿಡುವುದು ಅಂದರೆ ಜ್ವರ ಬಿಟ್ಟು ಎದ್ದವರನ್ನು ತಳ್ಳಿದ ಹಾಗೆ.

ಸನ್‌ಸ್ಕ್ರೀನ್ ಹಚ್ಚಿಕೊಳ್ಳುವವರು ಡಬ್ಬಿಯ ಹಿಂದೆ ಓದಿ. ಆಕ್ಸಿಬೆಂಜೋನ್, ಆಕ್ಟಿನೊಕ್ಸೇಟ್ ಇದ್ದರೆ ಬೇಡ. ಇವು ಹವಳದ ಮರಿಗಳಿಗೆ ಕೆಡುಕು ಅಂತ ಹವಾಯಿಯಲ್ಲಿ 2021ರಿಂದ ಮಾರಾಟವನ್ನೇ ನಿಲ್ಲಿಸಿದ್ದಾರೆ. ಸುಲಭದ ದಾರಿ ಅಂದರೆ ಮೈತುಂಬ ಬಟ್ಟೆ. ತುಂಬುತೋಳಿನ ಈಜು ಅಂಗಿ ಹಾಕಿದರೆ ಬೆನ್ನಿಗೆ ಏನೂ ಹಚ್ಚುವುದೇ ಬೇಕಾಗಿಲ್ಲ.

ಚಿಪ್ಪು ಆರಿಸಿಕೊಂಡು ಬರಬೇಡಿ, ಖಾಲಿ ಚಿಪ್ಪೂ ಬೇಡ. ಸನ್ಯಾಸಿ ಏಡಿಗೆ ಸ್ವಂತ ಚಿಪ್ಪಿಲ್ಲ, ಬೇರೆಯವರು ಬಿಟ್ಟುಹೋದ ಚಿಪ್ಪೇ ಮನೆ. ಬೆಳೆದ ಹಾಗೆ ದೊಡ್ಡ ಮನೆ ಹುಡುಕಬೇಕು.

ಜೋಗಿಮಟ್ಟಿ ನಡಿಗೆ, ಚಿತ್ರದುರ್ಗ

ಸರಿಯಾಗಿ ಹೇಳಿದೆಯಮ್ಮ. ಸಂಜೆ ಬೀಚಿನಲ್ಲಿ ಒಂದು ಏಡಿ ನೋಡಿದೆವು. ಬೆನ್ನ ಮೇಲೆ ಚಿಪ್ಪಿರಲಿಲ್ಲ, ಬಾಟಲಿಯ ನೀಲಿ ಮುಚ್ಚಳ ಇತ್ತು. ಅದರಲ್ಲಿ ಅರ್ಧ ಮೈ ಹೊರಗೇ. ಮಗ ಜೇಬಿನಲ್ಲಿ ನಾಲ್ಕು ಚಿಪ್ಪು ಇಟ್ಟುಕೊಂಡಿದ್ದ. ಏನೂ ಹೇಳದೆ ಅವನೇ ತೆಗೆದು ಅದರ ದಾರಿಯಲ್ಲಿ ಇಟ್ಟು ಬಂದ.

ಹವಳವಂತೂ ಸತ್ತು ದಡಕ್ಕೆ ಬಿದ್ದ ತುಂಡಾದರೂ ಚೀಲಕ್ಕೆ ಹಾಕಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳಕ್ಕೂ ರಕ್ಷಣೆ ಇದೆ. ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ.

ಕ್ಯಾಮೆರಾ ಕಣ್ಣು, ದಾವಣಗೆರೆ

ಒಳ್ಳೆ ಮಾಹಿತಿ. ಆದರೆ ತಲೆಬರಹದಲ್ಲಿ "ಜಾರವಾ ಕಾಡು ಹಾಯದೆ" ಅಂತ ಬರೆದಿದ್ದೀರಿ. ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆ ನೋಡಬೇಕು ಅಂತ ನನಗೆ ಬಹಳ ಆಸೆ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ದೋಣಿಯಲ್ಲಿ ಹೋಗುವುದು, ಮಣ್ಣಿನ ಜ್ವಾಲಾಮುಖಿ, ಎಲ್ಲ ಅಲ್ಲೇ ಇದೆ. ಅಲ್ಲಿಗೆ ಹೋಗುವ ರಸ್ತೆ ಜಾರವಾ ಕಾಡು ಹಾಯುತ್ತೆ ನಿಜ, ಆದರೆ ಸರ್ಕಾರವೇ ಪೊಲೀಸ್ ಬೆಂಗಾವಲಿನಲ್ಲಿ ಗಾಡಿಗಳನ್ನು ಬಿಡುತ್ತೆ. ಫೋಟೊ ತೆಗೆಯಬಾರದು, ನಿಲ್ಲಿಸಬಾರದು ಅನ್ನುವ ನಿಯಮ ಪಾಲಿಸಿದರೆ ಆಯಿತಲ್ಲ? ಬಾರಾಟಾಂಗ್‌ನ ದೋಣಿಯವರ ಹೊಟ್ಟೆಪಾಡೂ ಇದೆ.

ಜೋಗಿಮಟ್ಟಿ ನಡಿಗೆ, ಚಿತ್ರದುರ್ಗ

ನಿಮ್ಮ ಪ್ರಶ್ನೆ ನ್ಯಾಯವಾಗಿದೆ. ನಾವೂ ಮನೆಯಲ್ಲಿ ಎರಡು ದಿನ ಇದನ್ನೇ ಮಾತಾಡಿದೆವು. ಕಾನೂನು ಪ್ರಕಾರ ಹೋಗುವುದು ತಪ್ಪಲ್ಲ. ನಾವು ಬೇಡ ಅಂದುಕೊಂಡಿದ್ದಕ್ಕೆ ಕಾರಣ ಹೇಳುತ್ತೇನೆ.

ಆ ಹೆದ್ದಾರಿ ಜಿರ್ಕಾಟಾಂಗ್‌ನಿಂದ ಮುಂದೆ ಜಾರವಾ ಜನರ ಮೀಸಲು ಕಾಡಿನ ಒಳಗೇ ಹೋಗುತ್ತೆ. ಅವರು ಇರುವುದು ಕೆಲವೇ ನೂರು ಜನ. ಸಾವಿರಾರು ವರ್ಷದಿಂದ ಬೇಟೆ, ಜೇನು, ಗೆಡ್ಡೆಗೆಣಸು ನಂಬಿ ಬದುಕಿದವರು. ಹೊರಗಿನವರ ಜೊತೆ ಹಗೆ ಬಿಟ್ಟು ಬೆರೆಯತೊಡಗಿದ್ದೇ 1990ರ ದಶಕದ ಕೊನೆಗೆ. ಅದಾದ ಸ್ವಲ್ಪದರಲ್ಲೇ, 1999ರಲ್ಲಿ, ಅವರಲ್ಲಿ ದಡಾರ ಹರಡಿತು. ನಮ್ಮ ಮಕ್ಕಳಿಗೆ ನಾಲ್ಕು ದಿನದ ಜ್ವರ ಅನಿಸುವುದು, ಆ ರೋಗವನ್ನೇ ಕಾಣದವರಿಗೆ ಊರಿಗೆ ಊರೇ ಖಾಲಿಯಾಗುವ ಮಾತು. 2002ರಲ್ಲಿ ಸುಪ್ರೀಂ ಕೋರ್ಟ್ ಆ ರಸ್ತೆಯ ಮೀಸಲು ಭಾಗ ಮುಚ್ಚಬೇಕು ಅಂತ ಹೇಳಿತ್ತು. 2012ರಲ್ಲಿ ಪ್ರವಾಸಿಗರ ಗಾಡಿಗಳ ಮುಂದೆ ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿದ ವಿಡಿಯೊ ಹೊರಬಂದು ದೇಶವೇ ತಲೆತಗ್ಗಿಸಿತು.

ನಾವು ನಿಯಮ ಪಾಲಿಸಬಹುದು. ಆದರೆ ಸಾಲುಗಟ್ಟಿ ಹೋಗುವ ಅಷ್ಟೂ ಗಾಡಿಯ ಜನರ ಕಣ್ಣು ಕಾಡಿನ ಅಂಚಿನಲ್ಲೇ ಇರುತ್ತೆ, ಯಾರಾದರೂ ಕಾಣಿಸುತ್ತಾರಾ ಅಂತ. ನನ್ನ ಮಕ್ಕಳ ಕಣ್ಣು ಮನುಷ್ಯರನ್ನು ಹಾಗೆ ಹುಡುಕುವುದು ನನಗೆ ಬೇಡ ಅನಿಸಿತು.

ಬದಲಿಗೆ ನಾವು ಹ್ಯಾವ್‌ಲಾಕ್‌ನಿಂದ, ಅಂದರೆ ಈಗಿನ ಸ್ವರಾಜ್ ದ್ವೀಪದಿಂದ, ಸರ್ಕಾರಿ ಹಡಗಿನಲ್ಲಿ ಮಧ್ಯ ಅಂಡಮಾನಿನ ರಂಗತ್‌ಗೆ ಹೋದೆವು. ಹಡಗು ಯಾವ ದಿನ ಇದೆ ಅಂತ ಮೊದಲೇ ವಿಚಾರಿಸಿಕೊಳ್ಳಬೇಕು. ರಂಗತ್‌ ಹತ್ತಿರ ಧನಿನಾಲಾದಲ್ಲಿ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿ ಇದೆ, 700 ಮೀಟರ್‌ಗೂ ಜಾಸ್ತಿ ಉದ್ದ. ಅಕ್ಕ, ನಿಮ್ಮ ಅಮ್ಮನೂ ನಿಧಾನವಾಗಿ ನಡೆಯಬಹುದು. ಎರಡೂ ಕಡೆ ಬೇರುಗಳು ಬೆರಳಿನ ಹಾಗೆ ಕೆಸರಿನಿಂದ ಮೇಲೆ ಎದ್ದಿರುತ್ತವೆ, ಉಸಿರಾಡಲು. ದಾರಿ ಮುಗಿಯುವ ಹೊತ್ತಿಗೆ ಎದುರಿಗೆ ಕಡಲು. ಆ ದಡಕ್ಕೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಅರಣ್ಯ ಇಲಾಖೆಯವರು ಮೊಟ್ಟೆಗಳನ್ನು ಬೇಲಿಯೊಳಗೆ ಹೂತಿಟ್ಟು ಕಾಯುತ್ತಾರೆ. ಪ್ರತಿ ಗುಂಡಿಗೂ ಒಂದು ಚೀಟಿ: ಯಾವ ತಾರೀಕು, ಎಷ್ಟು ಮೊಟ್ಟೆ. ಒಂದೊಂದರಲ್ಲಿ ನೂರರ ಆಸುಪಾಸು. ಅಪ್ಪ ಒಂದೊಂದು ಚೀಟಿಯನ್ನೂ ನಿಂತು ಓದಿದರು.

ಕಾಂಡ್ಲಾ ಇರುವ ಕಡೆ ಹಳ್ಳಕ್ಕೆ ಇಳಿಯಬೇಡಿ. ಉಪ್ಪುನೀರಿನ ಮೊಸಳೆ ಇದೆ. ಬೋರ್ಡ್ ಹಾಕಿದ್ದರೆ ಅದು ನಿಜ ಅಂತಲೇ ತಿಳಿಯಿರಿ.

ಕ್ಯಾಮೆರಾ ಕಣ್ಣು, ದಾವಣಗೆರೆ

ದಡಾರದ ವಿಷಯ ನನಗೆ ಗೊತ್ತಿರಲಿಲ್ಲ. ಯೋಚನೆ ಮಾಡುವ ಹಾಗಾಯಿತು. ಆದರೂ ದೋಣಿಯವರ ಹೊಟ್ಟೆಪಾಡಿನ ಮಾತು ಹಾಗೇ ಉಳಿಯುತ್ತೆ. ಇಷ್ಟು ವರ್ಷ ಪ್ರವಾಸಿಗರನ್ನು ನಂಬಿ ಬದುಕಿದವರಿಗೆ ಒಂದೇ ಸಲ ಬರಬೇಡಿ ಅಂದರೆ ಅವರೇನು ಮಾಡಬೇಕು?

ಮೇಷ್ಟ್ರು, ಚಳ್ಳಕೆರೆ

ಇಬ್ಬರ ಮಾತಿನಲ್ಲೂ ಹುರುಳಿದೆ. ಅಲ್ಲಿಯವರಿಗೂ ಆಸ್ಪತ್ರೆಗೆ, ಸಂತೆಗೆ ಅದೇ ರಸ್ತೆ. ಪ್ರವಾಸಿಗರು ಕಡಲ ದಾರಿಯಲ್ಲಿ ಬಂದರೆ ಗುಹೆಯೂ ಸಿಗುತ್ತೆ, ದೋಣಿಯವರಿಗೂ ಕೆಲಸ ಇರುತ್ತೆ, ಕಾಡಿಗೂ ಬಿಡುವು ಸಿಗುತ್ತೆ. ನಾವು ಏಜೆಂಟರ ಹತ್ತಿರ "ರಸ್ತೆ ಬೇಡ, ದೋಣಿ ದಾರಿ ಇದ್ದರೆ ಹೇಳಿ" ಅಂತ ಕೇಳುತ್ತಲೇ ಇರಬೇಕು. ಗಿರಾಕಿ ಕೇಳದೆ ಅಂಗಡಿಗೆ ಸಾಮಾನು ಬರಲ್ಲ.

ನಾನು ಕೆಲವು ವರ್ಷದ ಹಿಂದೆ ಹೋಗಿದ್ದೆ, ಹೆಚ್ಚಾಗಿ ಇತಿಹಾಸ ನೋಡಲು. ಸೆಲ್ಯುಲರ್ ಜೈಲಿಗೆ ಅರ್ಧ ದಿನ ಇಡಿ. 1896ರಲ್ಲಿ ಶುರುವಾಗಿ 1906ರಲ್ಲಿ ಮುಗಿದ ಕಟ್ಟಡ. ನಡುವೆ ಗೋಪುರ, ಸುತ್ತ ಚಕ್ರದ ಕಡ್ಡಿಗಳ ಹಾಗೆ ಏಳು ಸಾಲು ಇದ್ದವು, ಈಗ ಉಳಿದಿರುವುದು ಮೂರು. ಒಂದು ಸಾಲಿನ ಕೋಣೆಯ ಬಾಗಿಲು ಇನ್ನೊಂದು ಸಾಲಿನ ಬೆನ್ನಿಗೆ ನೋಡುತ್ತೆ. ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣಬಾರದು ಅಂತ ಹಾಗೆ ಕಟ್ಟಿದ್ದು. ನಾನು ಒಂದು ಕೋಣೆಯೊಳಗೆ ನಿಂತೆ. ಕಿಟಕಿ ಅಂದರೆ ಕೈಗೆಟುಕದ ಎತ್ತರದಲ್ಲಿ ಒಂದು ಸಣ್ಣ ಕಿಂಡಿ.

ಎದುರಿನ ರಾಸ್ ದ್ವೀಪಕ್ಕೆ 2018ರಿಂದ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಅಂತ ಹೆಸರು. ಹಳೆ ಬ್ರಿಟಿಷ್ ಕಟ್ಟಡಗಳ ಗೋಡೆಗಳನ್ನು ಆಲದ ಜಾತಿಯ ಮರದ ಬೇರುಗಳು ಅಪ್ಪಿ ಹಿಡಿದಿವೆ. ಅಲ್ಲಿ ಜಿಂಕೆಗಳು ಹತ್ತಿರ ಬರುತ್ತವೆ. ಜನ ಬಿಸ್ಕತ್ತು ಹಾಕುತ್ತಾರೆ, ದಯವಿಟ್ಟು ಹಾಕಬೇಡಿ. ಜಿಂಕೆ ಅಂಡಮಾನಿನ ಪ್ರಾಣಿಯೇ ಅಲ್ಲ, ಬ್ರಿಟಿಷರು ತಂದು ಬಿಟ್ಟಿದ್ದು. ಅಲ್ಲಿ ಹುಲಿ ಚಿರತೆ ಇಲ್ಲ. ತಡೆಯುವವರಿಲ್ಲದೆ ಸಂತತಿ ಬೆಳೆದು ಕಾಡಿನ ಸಸಿಗಳನ್ನೆಲ್ಲ ಮೇಯುತ್ತಿವೆ.

ಮಾರಿಕಣಿವೆ ರೈತ, ಹಿರಿಯೂರು

ನನ್ನದೊಂದು ಪ್ರಶ್ನೆ. ಅಲ್ಲಿ ಮಳೆ ಜಾಸ್ತಿ ಅಂತಾರೆ. ನೀರಿಗೆ ತೊಂದರೆ ಇಲ್ಲ ಅಲ್ವಾ? ನಮ್ಮ ಕಡೆಯ ಹಾಗೆ ಟ್ಯಾಂಕರ್ ಕಾಯುವ ಪಾಡು ಇರಲಿಕ್ಕಿಲ್ಲ.

ಜೋಗಿಮಟ್ಟಿ ನಡಿಗೆ, ಚಿತ್ರದುರ್ಗ

ನಾನೂ ಹಾಗೇ ಅಂದುಕೊಂಡಿದ್ದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಅಲ್ಲಿ. ನಮ್ಮ ಜಿಲ್ಲೆಯ ಐದು ಪಟ್ಟು. ಆದರೆ ದ್ವೀಪ ಅಂದರೆ ಸುತ್ತಲೂ ಇಳಿಜಾರು. ಬಿದ್ದ ನೀರು ಗಂಟೆಗಳಲ್ಲೇ ಕಡಲು ಸೇರುತ್ತೆ. ನಿಲ್ಲಿಸಿಕೊಳ್ಳಲು ದೊಡ್ಡ ನದಿ ಇಲ್ಲ, ಮಾರಿಕಣಿವೆಯಂಥ ಕಣಿವೆಯೂ ಇಲ್ಲ. ಪೋರ್ಟ್ ಬ್ಲೇರ್‌ಗೆ, ಈಗಿನ ಶ್ರೀ ವಿಜಯಪುರಕ್ಕೆ, ಹೆಚ್ಚಾಗಿ ಧನಿಕಾರಿ ಅಣೆಕಟ್ಟೆಯ ನೀರೇ ಆಧಾರ. ಬೇಸಿಗೆಯಲ್ಲಿ ಅಲ್ಲಿಯ ಮನೆಗಳಿಗೆ ನೀರು ಸರದಿ ಮೇಲೆ ಬರುತ್ತೆ.

ನಾವು ನೀಲ್ ದ್ವೀಪದಲ್ಲಿ, ಈಗ ಶಹೀದ್ ದ್ವೀಪ ಅನ್ನುತ್ತಾರೆ, ಒಬ್ಬ ರೈತರ ಮನೆಯಲ್ಲಿ ಉಳಿದಿದ್ದೆವು. ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಮನೆತನ. ಆ ದ್ವೀಪದ ತರಕಾರಿಯೇ ಸುತ್ತಲಿನ ದ್ವೀಪಗಳಿಗೂ ಹೋಗುತ್ತೆ. ಮನೆ ಹಿಂದೆ ಅಡಿಕೆ, ತೆಂಗು. ಅಪ್ಪ ತೋಟಕ್ಕೆ ಕಾಲಿಟ್ಟವರೇ "ಇದು ಚನ್ನಗಿರಿ ಸೀಮೆ" ಅಂದರು. ಭಾಷೆ ಬರದಿದ್ದರೂ ಇಬ್ಬರು ಹಿರಿಯರೂ ಅಡಿಕೆ ಕೈಯಲ್ಲಿ ಹಿಡಿದು ಒಂದು ತಾಸು ಮಾತಾಡಿದರು. ಆ ಮನೆಯ ಅಜ್ಜಿ ನಮಗೆ ಬಕೆಟ್ಟು, ಚೊಂಬು ಕೊಟ್ಟು, ಇಷ್ಟರಲ್ಲಿ ಸ್ನಾನ ಮುಗಿಸಬೇಕು ಅಂತ ಕೈಸನ್ನೆ ಮಾಡಿ ತೋರಿಸಿದರು. ನಮ್ಮ ಮಕ್ಕಳಿಗೆ ಅದು ಹೊಸದೇನಲ್ಲ, ಮನೆಯಲ್ಲೂ ಮೇ ತಿಂಗಳಲ್ಲಿ ಹಾಗೇ. ಹಾಗಾಗಿ ಈಜುಕೊಳ ಇರುವ ಕಡೆ ಉಳಿಯಬೇಡಿ ಅಂತ ನನ್ನ ಸಲಹೆ. ಎದುರಿಗೇ ಸಮುದ್ರ ಇದೆ.

ಆ ದ್ವೀಪ ಚಿಕ್ಕದು. ಕಾರು ಬೇಡ. ಸೈಕಲ್ ಬಾಡಿಗೆಗೆ ಸಿಗುತ್ತೆ. ಸಂಜೆ 5.30ಕ್ಕೆಲ್ಲ ಕತ್ತಲಾಗುತ್ತೆ, ಅಷ್ಟರೊಳಗೆ ಮನೆ ಸೇರಿಕೊಳ್ಳಿ.

ಹರಿಹರದ ಹುಡುಗಿ

ನೀಲ್‌ನಲ್ಲಿ ಕಲ್ಲಿನ ಕಮಾನು ನೋಡಲು ನೀರು ಇಳಿದಾಗ ಹೋಗುತ್ತಾರಲ್ಲ, ಅಲ್ಲಿ ಹೊಂಡಗಳಲ್ಲಿ ಸಮುದ್ರ ಸೌತೆ ಅನ್ನುವ ಪ್ರಾಣಿಗಳು ಇರುತ್ತವೆ. ಕೆಲವು ಗೈಡ್‌ಗಳು ಎತ್ತಿ ಕೈಗೆ ಕೊಡುತ್ತಾರೆ. ತೆಗೆದುಕೊಳ್ಳಬೇಡಿ. ಅದಕ್ಕೂ ಕಾನೂನಿನ ರಕ್ಷಣೆ ಇದೆ. ಹೆದರಿದರೆ ಅದು ತನ್ನ ಕರುಳನ್ನೇ ಹೊರಗೆ ಹಾಕುತ್ತೆ.

ನಿಟ್ಟುವಳ್ಳಿ ಅಕ್ಕ, ದಾವಣಗೆರೆ

ಅಯ್ಯೋ, ಇದೆಲ್ಲ ಯಾರೂ ಹೇಳಿರಲಿಲ್ಲ. ಅಣ್ಣ, ರಂಗತ್‌ನಿಂದ ಮುಂದೆ ಹೋದಿರಾ? ಅಲ್ಲಿಂದ ಮೇಲಕ್ಕೆ ಜಾರವಾ ಕಾಡು ಸಿಗುತ್ತಾ?

ಜೋಗಿಮಟ್ಟಿ ನಡಿಗೆ, ಚಿತ್ರದುರ್ಗ

ಇಲ್ಲ ಅಕ್ಕ, ರಂಗತ್‌ನಿಂದ ಉತ್ತರಕ್ಕೆ ಆ ಮೀಸಲು ಕಾಡು ಸಿಗಲ್ಲ. ನಾವು ಮಾಯಾಬಂದರ್ ತನಕ ಹೋದೆವು. ಅಲ್ಲಿ ವೆಬಿ ಅಂತ ಒಂದು ಹಳ್ಳಿ. 1925ರಲ್ಲಿ ಬ್ರಿಟಿಷರು ಕಾಡಿನ ಕೆಲಸಕ್ಕೆ ಬರ್ಮಾದಿಂದ ಕರೆತಂದ ಕರೇನ್ ಜನರ ಊರು. ಒಬ್ಬರ ಮನೆಯಲ್ಲಿ ಊಟ ಮಾಡಿದೆವು. ಅನ್ನ, ಸೊಪ್ಪು, ಮೀನು. ನಮಗೆ ಮೀನು ಬೇಡ ಅಂದಾಗ ಬೇಸರ ಮಾಡಿಕೊಳ್ಳದೆ ಬಾಳೆಹೂವಿನ ಪಲ್ಯ ಮಾಡಿಕೊಟ್ಟರು. ದುಡ್ಡು ನೇರ ಆ ತಾಯಿಯ ಕೈಗೆ ಹೋಯಿತು. ನಮ್ಮ ಇಡೀ ಪ್ರವಾಸದಲ್ಲಿ ಖರ್ಚು ಮಾಡಿದ್ದು ಸಾರ್ಥಕ ಅನಿಸಿದ್ದು ಆ ಊಟಕ್ಕೆ, ಆಮೇಲೆ ತೇಲುವುದನ್ನು ಕಲಿಸಿದ ಆ ಹುಡುಗನಿಗೆ.

ಆ ಸಾಗರ ಉದ್ಯಾನಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು ಅಂದೆನಲ್ಲ, ಅದು ಬಿಟ್ಟರೆ ನಾವು ಹೋದ ದ್ವೀಪಗಳಿಗೆ ಭಾರತೀಯರಿಗೆ ಪ್ರತ್ಯೇಕ ಪರವಾನಗಿ ಬೇಡ. ನಿಕೋಬಾರ್‌ಗೆ ಬೇಕು, ಸುಮ್ನೆ ತಿರುಗಾಡಲು ಕೊಡಲ್ಲ.

ಕ್ಯಾಮೆರಾ ಕಣ್ಣು, ದಾವಣಗೆರೆ

ನಮ್ಮದು ಆರು ದಿನದ ಪ್ಯಾಕೇಜ್, ಬಾರಾಟಾಂಗ್ ಸೇರಿದೆ. ಇವತ್ತು ಏಜೆಂಟರಿಗೆ ಫೋನ್ ಮಾಡಿ ಕಡಲ ದಾರಿ ಇದೆಯಾ ಅಂತ ಕೇಳಿದೆ. ನಾಳೆ ತಿಳಿಸುತ್ತೇನೆ ಅಂದಿದ್ದಾರೆ. ಇಲ್ಲ ಅಂದರೆ ಆ ದಿನ ಚಿಡಿಯಾ ಟಾಪುಗೆ ಹೋಗುತ್ತೇವೆ. ಪಕ್ಷಿಗಳ ಫೋಟೊ ತೆಗೆಯಲು ಅದು ಒಳ್ಳೆ ಜಾಗ ಅಂತ ಗೆಳೆಯರು ಹೇಳಿದರು.

ಜೋಗಿಮಟ್ಟಿ ನಡಿಗೆ, ಚಿತ್ರದುರ್ಗ

ಬಹಳ ಸಂತೋಷ. ಬೆಳಗ್ಗೆ ಬೇಗ ಹೋಗಿ. ಹಕ್ಕಿಗಳಿಗೆ ಫೋನಿನಲ್ಲಿ ಕೂಗು ಹಾಕಿ ಕರೆಯಬೇಡಿ, ಸುಮ್ನೆ ಕೂತರೆ ತಾವೇ ಬರುತ್ತವೆ.

ನಿಟ್ಟುವಳ್ಳಿ ಅಕ್ಕ, ದಾವಣಗೆರೆ

ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಆಮೆ ಮೊಟ್ಟೆಯ ಚೀಟಿ ತಾವೂ ಓದಬೇಕಂತೆ. ನಾವು ಹೋಗುವ ಹೊತ್ತಿಗೆ ಗುಂಡಿಗಳು ಇನ್ನೂ ಇರುತ್ತವಾ?

ಹರಿಹರದ ಹುಡುಗಿ

ಮರಿ ಹೊರಬರಲು 45ರಿಂದ 60 ದಿನ ಬೇಕು ಅಕ್ಕ. ಫೆಬ್ರವರಿ ಕೊನೆಯಲ್ಲಿ ಇಟ್ಟ ಮೊಟ್ಟೆ ಇದ್ದರೆ ಏಪ್ರಿಲ್‌ನಲ್ಲಿ ಮರಿಗಳನ್ನೇ ನೋಡಬಹುದು. ಟಾರ್ಚು, ಫ್ಲಾಶು ಹಾಕಬೇಡಿ. ಮರಿಗಳು ಬೆಳಕನ್ನೇ ಕಡಲು ಅಂತ ತಿಳಿದು ದಾರಿ ತಪ್ಪುತ್ತವೆ. ರಂಗತ್‌ನ ಅರಣ್ಯ ಕಚೇರಿಯಲ್ಲಿ ಕೇಳಿಕೊಂಡು ಹೋಗಿ.

ನಿಟ್ಟುವಳ್ಳಿ ಅಕ್ಕ, ದಾವಣಗೆರೆ

ಆಯ್ತಮ್ಮ, ಖಂಡಿತ. ಪ್ಯಾಕೇಜಿನಲ್ಲಿ ಒಂದು ದಿನ ಶಾಪಿಂಗ್‌ಗೆ ಇಟ್ಟಿದ್ದರು, ಅದನ್ನು ತೆಗೆಸಿ ರಂಗತ್‌ಗೆ ಎರಡು ದಿನ ಮಾಡಿಸಿದೆ. ಬಟ್ಟೆ ಚೀಲ ಹೊಲಿಯಲು ಕೊಟ್ಟಿದ್ದೇನೆ, ಆರು. ಪಕ್ಕದ ಬೀದಿಯ ಅಕ್ಕನಿಗೆ ನೂರು ಖಡಕ್ ರೊಟ್ಟಿ ಹೇಳಿದ್ದೇನೆ.